ಬೇಸ್‌ಬಾಲ್‌ನಲ್ಲಿ ಡ್ರಾ ಇಲ್ವಾ?

ನಾನು ಬೇಸ್‌ಬಾಲ್ ನೋಡ್ತೀನಿ ಅಂತ ಗೊತ್ತಾದವರೆಲ್ಲ ಇವತ್ತಲ್ಲ ನಾಳೆ ಕೇಳುವ ಪ್ರಶ್ನೆ ಇದು: "ಅದರಲ್ಲಿ ಡ್ರಾ ಅನ್ನೋದೇ ಇಲ್ವಂತೆ? ಹಾಗಾದ್ರೆ ಯಾರೂ ಗೆಲ್ಲದಿದ್ರೆ ಬೆಳಗಿನ ತನಕ ಆಡ್ತಾರಾ?" ಐದು ದಿನ ಟೆಸ್ಟ್ ನೋಡಿ, ಕೊನೆಗೆ ಡ್ರಾ ಅಂದಾಗ ಸುಮ್ಮನೆ ಟಿವಿ ಆರಿಸಿ ಎದ್ದು ಹೋಗುವವರು ನಾವು. ಈ ಅನುಮಾನ ಬರದಿದ್ದರೇ ಆಶ್ಚರ್ಯ.

ಒಂದು ಸಲ ಆಡಿದ್ದಾರೆ. ಬೆಳಗಿನ ಜಾವ 4 ಗಂಟೆ 7 ನಿಮಿಷದ ತನಕ. ಅಷ್ಟಾದರೂ ಮುಗಿದಿರಲಿಲ್ಲ.

ಅದು 1981ರ ಇಂಟರ್‌ನ್ಯಾಷನಲ್ ಲೀಗ್ ಸೀಸನ್. ಹೆಸರು ಭಾರಿಯಾದರೂ ಅದು ಮೈನರ್ ಲೀಗ್. ಅಮೆರಿಕದ ಅತಿ ಮೇಲಿನ ದರ್ಜೆಯಾದ ಮೇಜರ್ ಲೀಗ್‌ಗೆ ಒಂದೇ ಮೆಟ್ಟಿಲು ಕೆಳಗಿನ ಟ್ರಿಪಲ್-ಎ ದರ್ಜೆ. ರೋಡ್ ಐಲೆಂಡ್ ರಾಜ್ಯದ ಪಟಕೆಟ್ ತಂಡ ಬಾಸ್ಟನ್ ರೆಡ್ ಸಾಕ್ಸ್‌ಗೆ ಆಟಗಾರರನ್ನು ತಯಾರು ಮಾಡಿ ಕೊಡುತ್ತಿತ್ತು, ರಾಚೆಸ್ಟರ್ ತಂಡ ಬಾಲ್ಟಿಮೋರ್ ಓರಿಯೋಲ್ಸ್‌ಗೆ. ಹಾಗಾಗಿ ಇಲ್ಲಿ ಆಡುವವನಿಗೆ ತಂಡ ಗೆಲ್ಲುವುದು ಒಂದು ಚಿಂತೆ, ಮೇಲಿನಿಂದ ಕರೆ ಯಾವಾಗ ಬರುತ್ತದೆ ಅನ್ನುವುದು ಅದಕ್ಕಿಂತ ದೊಡ್ಡ ಚಿಂತೆ.

ಏಪ್ರಿಲ್ 18, ಈಸ್ಟರ್ ಹಬ್ಬದ ಹಿಂದಿನ ಶನಿವಾರ. ಪಟಕೆಟ್‌ನ ಮಕಾಯ್ ಸ್ಟೇಡಿಯಂಗೆ ಬಂದವರು 1,740 ಜನ. ದೀಪಗಳು ಕೈಕೊಟ್ಟು ಆಟ ಶುರುವಾಗಿದ್ದೇ ಅರ್ಧ ಗಂಟೆ ತಡ. ಒಂಬತ್ತು ಇನ್ನಿಂಗ್ಸ್‌ಗೆ (ಎರಡೂ ತಂಡ ಒಂದೊಂದು ಸರದಿ ಬ್ಯಾಟ್ ಮಾಡಿದರೆ ಒಂದು ಇನ್ನಿಂಗ್ಸ್) ಮುಗಿಯಬೇಕಿದ್ದದ್ದು 1-1 ಸಮ. ಸಮ ಆದರೆ ಒಬ್ಬರು ಗೆಲ್ಲುವ ತನಕ ಒಂದೊಂದೇ ಇನ್ನಿಂಗ್ಸ್ ಹೆಚ್ಚಿಗೆ ಆಡುತ್ತಾ ಹೋಗಬೇಕು. ಹತ್ತು, ಹದಿನೈದು, ಇಪ್ಪತ್ತು ದಾಟಿತು. ಇಪ್ಪತ್ತೊಂದರಲ್ಲಿ ರಾಚೆಸ್ಟರ್ ಒಂದು ರನ್ ಗಳಿಸಿತು (ಬ್ಯಾಟ್ ಮಾಡಿದವನು ಬೇಸ್ ಅನ್ನುವ ಮೂರು ನಿಲುಗಡೆ ದಾಟಿ ಹೊರಟಲ್ಲಿಗೇ ಮರಳಿದರೆ ಒಂದು ರನ್). ಸದ್ಯ, ಮನೆಗೆ ಹೋಗಬಹುದು ಅಂದುಕೊಳ್ಳುವಷ್ಟರಲ್ಲಿ ಪಟಕೆಟ್‌ನ ವೇಡ್ ಬಾಗ್ಸ್ ಒಂದು ಡಬಲ್ (ಎರಡನೇ ಬೇಸ್ ತನಕ ಓಡಬಹುದಾದ ಹೊಡೆತ) ಹೊಡೆದು ಮತ್ತೆ ಸಮ ಮಾಡಿದ. ತಂಡದವರು ನನ್ನನ್ನು ಅಪ್ಪಿಕೊಳ್ತಾರೋ ಗುದ್ದುತ್ತಾರೋ ಗೊತ್ತಾಗಲಿಲ್ಲ ಅಂತ ಅವನೇ ಮುಂದೊಮ್ಮೆ ಹೇಳಿಕೊಂಡಿದ್ದಾನೆ.

ಆ ರಾತ್ರಿಯ ಚಳಿ ಎಂಥದ್ದೆಂದರೆ, ಆಟಗಾರರು ಮುರಿದ ಬ್ಯಾಟುಗಳನ್ನೇ ಡ್ರಮ್ಮಿಗೆ ಹಾಕಿ ಬೆಂಕಿ ಕಾಯಿಸಿಕೊಂಡರು. ಗಾಳಿ ಮೈದಾನದ ಒಳಮುಖವಾಗಿ ಬೀಸುತ್ತಿದ್ದರಿಂದ ಎತ್ತಿ ಹೊಡೆದ ಚೆಂಡೂ ಬೇಲಿ ದಾಟದೆ ಕೈಗೆ ಬಂದು ಬೀಳುತ್ತಿತ್ತು. ರಾಚೆಸ್ಟರ್‌ನ ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ) ಡೇವ್ ಹಪರ್ಟ್ 31 ಇನ್ನಿಂಗ್ಸ್ ಕುಕ್ಕರಗಾಲಲ್ಲಿ ಕೂತ. ಪಟಕೆಟ್‌ನ ಪಿಚರ್, ಅಂದರೆ ಚೆಂಡೆಸೆಯುವ ಲೂಯಿಸ್ ಅಪೋಂಟೆ ಬೆಳಗಿನ ಜಾವ ಮನೆ ಬಾಗಿಲು ತಟ್ಟಿದರೆ, ಇಷ್ಟು ಹೊತ್ತೂ ಆಟ ಆಡ್ತಿದ್ದೆ ಅನ್ನೋದನ್ನ ಹೆಂಡತಿ ನಂಬಲೇ ಇಲ್ಲವಂತೆ. ನಾನಾಗಿದ್ದರೂ ನಂಬುತ್ತಿರಲಿಲ್ಲ.

ತಮಾಷೆ ಏನೆಂದರೆ, ರಾತ್ರಿ 12:50ರ ಮೇಲೆ ಹೊಸ ಇನ್ನಿಂಗ್ಸ್ ಶುರುಮಾಡಬಾರದು ಅನ್ನುವ ನಿಯಮ ಲೀಗ್‌ನಲ್ಲಿ ಇತ್ತು! ಅಂಪೈರ್‌ಗಳ ಕೈಯಲ್ಲಿದ್ದ ಪ್ರತಿಯಲ್ಲಿ ಮಾತ್ರ ಅದು ಬಿಟ್ಟುಹೋಗಿತ್ತು. ಪುಸ್ತಕದಲ್ಲಿ ಇಲ್ಲದ್ದನ್ನು ಅವರು ಒಪ್ಪಲಿಲ್ಲ. ಕೊನೆಗೆ ಲೀಗ್ ಅಧ್ಯಕ್ಷ ಹೆರಾಲ್ಡ್ ಕೂಪರ್ ಫೋನಿನಲ್ಲಿ ಸಿಕ್ಕಿ, ಅವರು ಗಾಬರಿಯಾಗಿ ನಿಲ್ಲಿಸಿ ಅಂದ ಮೇಲೆ 32ನೇ ಇನ್ನಿಂಗ್ಸ್‌ಗೆ ಆಟ ನಿಂತಿತು, 2-2. ಸ್ಟ್ಯಾಂಡಿನಲ್ಲಿ ಉಳಿದಿದ್ದವರು ಹತ್ತೊಂಬತ್ತು ಜನ.

ಉಳಿದದ್ದನ್ನು ಆಡಿದ್ದು ರಾಚೆಸ್ಟರ್ ಮತ್ತೆ ಪಟಕೆಟ್‌ಗೆ ಬಂದಾಗ, ಜೂನ್ 23ಕ್ಕೆ. ಅಷ್ಟೊತ್ತಿಗೆ ಮೇಜರ್ ಲೀಗ್ ಆಟಗಾರರು ಮುಷ್ಕರ ಹೂಡಿದ್ದರು. ಬರೆಯಲು ಬೇರೆ ಆಟವೇ ಇಲ್ಲದ ಪತ್ರಕರ್ತರು ದಂಡುಕಟ್ಟಿ ಬಂದರು, ಸ್ಟೇಡಿಯಂ ತುಂಬಿಹೋಯಿತು. ಇಷ್ಟೆಲ್ಲ ಸಿದ್ಧತೆಗೆ ನಡೆದ ಆಟ ಹದಿನೆಂಟೇ ನಿಮಿಷ. 33ನೇ ಇನ್ನಿಂಗ್ಸ್‌ನಲ್ಲಿ ಮೂರೂ ಬೇಸ್ ತುಂಬಿದ್ದಾಗ ಡೇವ್ ಕೋಜಾ ಎಡಕ್ಕೊಂದು ಹಿಟ್ ಹೊಡೆದ, ಮಾರ್ಟಿ ಬ್ಯಾರೆಟ್ ಓಡಿ ಬಂದ, 3-2. ಒಟ್ಟು 8 ಗಂಟೆ 25 ನಿಮಿಷ. ವೃತ್ತಿಪರ ಬೇಸ್‌ಬಾಲ್‌ನಲ್ಲಿ ಇದಕ್ಕಿಂತ ಉದ್ದದ ಪಂದ್ಯ ಇಲ್ಲ.

ಇಷ್ಟು ಹೇಳಿದರೆ ಮುಂದಿನ ಪ್ರಶ್ನೆ ಬಂದೇ ಬರುತ್ತದೆ: "ಈಗಲೂ ಹೀಗಾಗಬಹುದಾ?" ಆಗೋದು ಕಷ್ಟ. ಮೈನರ್ ಲೀಗ್‌ಗಳಲ್ಲಿ 2018ರಿಂದ ಹೆಚ್ಚುವರಿ ಇನ್ನಿಂಗ್ಸ್ ಶುರುವಾಗುವಾಗಲೇ ಎರಡನೇ ಬೇಸ್‌ನಲ್ಲಿ ಒಬ್ಬನನ್ನು ನಿಲ್ಲಿಸಿಬಿಡುತ್ತಾರೆ, ಬೇಗ ರನ್ ಬರಲಿ ಅಂತ. ನನಗೆ ಆ ನಿಯಮ ಹಿಡಿಸುವುದಿಲ್ಲ. ಯಾರೂ ಹೊಡೆಯದೆ ಅವನು ಅಲ್ಲಿಗೆ ಹೇಗೆ ಬಂದ?

ಆ ಸೀಸನ್ನಿನ ಕಪ್ ಗೆದ್ದದ್ದು ಕೊಲಂಬಸ್, ಅದನ್ನು ಯಾರೂ ಕೇಳುವುದಿಲ್ಲ. ಬಾಗ್ಸ್ ಮತ್ತು ರಾಚೆಸ್ಟರ್‌ನ ಮೂರನೇ ಬೇಸ್ ಕಾಯುತ್ತಿದ್ದ ಕ್ಯಾಲ್ ರಿಪ್ಕನ್, ಇಬ್ಬರೂ ಮುಂದೆ ಬೇಸ್‌ಬಾಲ್ ದಿಗ್ಗಜರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು ಅನ್ನುವುದನ್ನು ಎಲ್ಲರೂ ಹೇಳುತ್ತಾರೆ. ನನಗೆ ನೆನಪಾಗುವವರು ಬೇರೆ ಇಬ್ಬರು. ರಾಚೆಸ್ಟರ್‌ನ ಡಲ್ಲಾಸ್ ವಿಲಿಯಮ್ಸ್ ಆ ಪಂದ್ಯದಲ್ಲಿ 13 ಪ್ರಯತ್ನಕ್ಕೆ ಸೊನ್ನೆ; ಒಂದೇ ಒಂದು ಹಿಟ್ ಇಲ್ಲ. ಅದೇ ವರ್ಷ ಅವನಿಗೆ ಬಾಲ್ಟಿಮೋರ್‌ನಿಂದ ಕರೆ ಬಂತು, ಮೇಜರ್ ಲೀಗ್ ಆಡಿದ. ಪಂದ್ಯ ಗೆಲ್ಲಿಸಿದ ಡೇವ್ ಕೋಜಾ, ಆ ಒಂದು ಪಂದ್ಯದಲ್ಲೇ ಐದು ಹಿಟ್ ಹೊಡೆದವನು, ಮೇಜರ್ ಲೀಗ್‌ನಲ್ಲಿ ಒಂದು ದಿನವೂ ಆಡಲಿಲ್ಲ.