ನೋವಿಲ್ಲದ ಕಿವಿ

ಅವ್ವನ ಎಡಗಿವಿ ಸೋರುವುದನ್ನು ನಾನು ಚಿಕ್ಕವಳಿದ್ದಾಗಿನಿಂದ ನೋಡಿದ್ದೇನೆ. ನೆಗಡಿ ಬಂದರೆ ಜಾಸ್ತಿ, ಬೇಸಿಗೆಯಲ್ಲಿ ಕಮ್ಮಿ. ಕೇಳಿದರೆ "ನೋವಿಲ್ಲ ಏನಿಲ್ಲ, ಸುಮ್ನ ಬಿಡ" ಎನ್ನುತ್ತಿದ್ದಳು. ನಾವೂ ಬಿಟ್ಟೆವು.

ಹೋದ ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ನೋಡಲು ಇಂಡಿ ಕಡೆಯ ಹಳ್ಳಿಯಿಂದ ವಿಜಯಪುರಕ್ಕೆ, ನಮ್ಮ ಮನೆಗೆ ಬಂದಳು. ಬೆಳಿಗ್ಗೆ ಹಾಸಿಗೆ ಮಡಚುವಾಗ ತಲೆದಿಂಬಿನ ಮೇಲೆ ರೂಪಾಯಿ ಅಗಲದ ಹಳದಿ ಕಲೆ. ಮೂಗಿಗೆ ಹಿಡಿದರೆ ಸತ್ತ ಇಲಿಯ ವಾಸನೆ. ಅದನ್ನು ಹೇಗೆ ಇಷ್ಟು ವರ್ಷ ಸಹಿಸಿದಳೋ! ತಿಂಗಳಿಂದ ಬಳ್ಳೊಳ್ಳಿ ಕಾಸಿದ ಎಣ್ಣೆ ಬೇರೆ ಬಿಡುತ್ತಿದ್ದಳಂತೆ. ಸಂಜೆ ಬಳೆ ಅಂಗಡಿ ಮುಂದೆ ಅವಳ ಎಡಗಡೆ ನಿಂತು ಮೂರು ಸಲ ಕೂಗಿದೆ. ತಿರುಗಲಿಲ್ಲ.

ಮರುವಾರ ಕಿವಿ ಡಾಕ್ಟರ ಹತ್ತಿರ ಕರೆದೊಯ್ದೆ. ಅವರು ಕೀವು ಎಳೆದು ತೆಗೆದು ಟಿವಿಯಂಥ ಪರದೆ ಮೇಲೆ ತೋರಿಸಿದರು. ಕಿವಿ ತಮಟೆಯ ಮೇಲಂಚಿನಲ್ಲಿ ತೂತು, ಅದರೊಳಗೆ ಉಳ್ಳಾಗಡ್ಡಿ ಸಿಪ್ಪೆಯಂಥ ಬಿಳಿ ಪೊರೆ. "ಬಾಯಿ ಸೊಟ್ಟ ಆಗೇತೇನ್ರಿ? ತಲಿ ತಿರಗತೈತೇನ್ರಿ?" ಅಂತ ಅವ್ವನನ್ನು ಕೇಳಿದರು. ಚರ್ಮ ಒಳಮುಖವಾಗಿ ಬೆಳೆದು ಮೂಳೆ ತಿನ್ನುತ್ತದೆ, ಮುಖದ ನರ ಪಕ್ಕದಲ್ಲೇ ಹೋಗುತ್ತದೆ, ಮೇಲೆ ಮಿದುಳು, ಹನಿ ಔಷಧಿಯಿಂದ ಇದು ಹೋಗಲ್ಲ, ಆಪರೇಷನ್ನೇ ಆಗಬೇಕು ಅಂದರು. "ನೋವಿದ್ದಿದ್ರ ಮೊದಲ ಬರ್ತಿದ್ರಿ" ಅಂದಾಗ ನನಗೆ ಅಳು ಬಂತು.

ನಿಜ ಅಲ್ವಾ? ಮಳೆಗಾಲದಲ್ಲಿ ನನ್ನ ಮಗ ನೆಗಡಿಯ ಮೂರನೇ ರಾತ್ರಿ ಕಿವಿ ಹಿಡಿದು ಕಿರುಚಿದ್ದ. ಬೆಳಗಾಗುತ್ತಲೇ ಓಡಿದ್ದೆವು, ವಾರದಲ್ಲಿ ಸರಿಹೋಯಿತು. ಮಕ್ಕಳಲ್ಲಿ ಮೂಗಿನ ಹಿಂದಿನಿಂದ ಕಿವಿಗೆ ಹೋಗುವ ನಳಿಕೆ ಗಿಡ್ಡ, ಅಡ್ಡಕ್ಕೆ ಇರುತ್ತದೆ, ಅದಕ್ಕೇ ನೆಗಡಿ ಬೇಗ ಅಲ್ಲಿಗೆ ಏರುತ್ತದೆ. ಕಿವಿಯ ಮುಂದಿನ ಪುಟ್ಟ ಉಬ್ಬು ಒತ್ತಿದರೆ ನೋವಾದರೆ ಹೆಚ್ಚಾಗಿ ಹೊರಗಿವಿಯ ಸೋಂಕು. ಸಿಕ್ಕಾಪಟ್ಟೆ ತುರಿಕೆ ಇದ್ದರೆ ಬೂಷ್ಟು ಇರಬಹುದು, ಎಣ್ಣೆ ಹಾಕಿದರೆ ಅದು ಹೆಚ್ಚೇ ಆಗಬಹುದು. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದೇ ಹೋದರೆ ಮಾತ್ರ ಗುಗ್ಗೆ ಕೂತಿದೆ ಅಂತ ಕಾಯಬೇಡಿ, ದಿನ ಕಳೆದಷ್ಟೂ ಕೇಳುವ ಶಕ್ತಿ ಮರಳುವುದು ಕಷ್ಟ.

ಆಪರೇಷನ್ ಆಗಿ ನಾಲ್ಕು ತಿಂಗಳಾಯಿತು. ಕಿವಿ ಒಣಗಿದೆ, ವಾಸನೆ ಇಲ್ಲ. ಒಳಗಿನ ಒಂದು ಮೂಳೆ ಆಗಲೇ ಸವೆದು ಹೋಗಿತ್ತು, ಹಾಗಾಗಿ ಆ ಕಡೆಯದು ಸರಿಯಾಗಿ ಕೇಳಿಸುವುದಿಲ್ಲ. ಅವ್ವ ಬಂದಾಗ ನಾನು ಅವಳ ಬಲಗಡೆ ಕೂರುತ್ತೇನೆ.