ಆಕಾಶ ಸಮೀಕ್ಷೆಗೆ ಸಮ್ಮೇಳನ ಯಾಕೆ ಬೇಕು?

“ಆಕಾಶದ ಫೋಟೊ ತೆಗೆಯೋದು ದೂರದರ್ಶಕದ ಕೆಲಸ. ಅದಕ್ಕೆ ಹತ್ತಾರು ದೇಶಗಳ ವಿಜ್ಞಾನಿಗಳು ಒಂದೆಡೆ ಸೇರಿ ದಿನಗಟ್ಟಲೆ ಚರ್ಚೆ ಮಾಡೋದು ಯಾಕೆ? ಮೇಲ್ ಕಳಿಸಿದರೆ ಸಾಲದಾ?” ಖಗೋಳದ ಬಗ್ಗೆ ಬರೆಯುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ.

ಸಮೀಕ್ಷೆ ಶುರುವಾದ ಮೇಲೆ ಬದಲಾಯಿಸಲಾಗದ ಸಂಗತಿಗಳು ಕೆಲವಿರುತ್ತವೆ. ಅವನ್ನು ಮೊದಲೇ ಎಲ್ಲರೂ ಒಪ್ಪಿ ಗೊತ್ತು ಮಾಡಿಕೊಳ್ಳಬೇಕು. ಗೊತ್ತು ಮಾಡದೆ ಬಿಟ್ಟದ್ದು ದಶಕಗಳ ಕಾಲ ಕಾಡುತ್ತದೆ. 1887ರ ಏಪ್ರಿಲ್‌ನಲ್ಲಿ ಪ್ಯಾರಿಸ್ ವೀಕ್ಷಣಾಲಯದಲ್ಲಿ ನಡೆದ ಸಮ್ಮೇಳನದಲ್ಲಿ ಈ ಎರಡೂ ಆದವು.

ವೀಕ್ಷಣಾಲಯದ ನಿರ್ದೇಶಕ ಅಡ್ಮಿರಲ್ ಮೂಶೆ ಕರೆದಿದ್ದ ಆ ಸಭೆಗೆ ಐವತ್ತಕ್ಕೂ ಹೆಚ್ಚು ಖಗೋಳಜ್ಞರು ಬಂದಿದ್ದರು. ಇಡೀ ಆಕಾಶವನ್ನು ಫೋಟೊ ಪ್ಲೇಟಿನ (ಬೆಳಕಿಗೆ ಸ್ಪಂದಿಸುವ ಪದರ ಬಳಿದ ಗಾಜಿನ) ಮೇಲೆ ಹಿಡಿಯುವುದು ಉದ್ದೇಶ. 11ನೇ ಕಾಂತಿಮಾನದವರೆಗಿನ ನಕ್ಷತ್ರಗಳ ಪಟ್ಟಿ ಒಂದು, 14ರವರೆಗಿನ ನಕ್ಷೆ ಇನ್ನೊಂದು. (ಕಾಂತಿಮಾನದ ಸಂಖ್ಯೆ ಏರಿದಷ್ಟೂ ನಕ್ಷತ್ರ ಮಂಕು.) ಆಕಾಶವನ್ನು ಅಡ್ಡ ವಲಯಗಳಾಗಿ ಸೀಳಿ ಗ್ರೀನಿಚ್‌ನಿಂದ ಮೆಲ್ಬರ್ನ್‌ವರೆಗೆ 18 ವೀಕ್ಷಣಾಲಯಗಳಿಗೆ ಹಂಚಿದರು. ಬೇಕಾದದ್ದು ಸುಮಾರು 22,000 ಪ್ಲೇಟು, ಅದೂ ಬರೀ ಪಟ್ಟಿಗೆ.

ಉಪಕರಣದ ವಿಷಯದಲ್ಲಿ ಸಭೆ ಬಿಗಿಯಾಗಿತ್ತು. ಅದೇ ವೀಕ್ಷಣಾಲಯದ ಹೆನ್ರಿ ಸೋದರರು ಕಟ್ಟಿದ್ದ ದೂರದರ್ಶಕವೇ ಮಾದರಿ: 33 ಸೆಂಟಿಮೀಟರ್ ಮಸೂರ, ಸುಮಾರು 3.4 ಮೀಟರ್ ಸಂಗಮದೂರ (ಮಸೂರದಿಂದ ಚಿತ್ರ ಮೂಡುವ ಜಾಗಕ್ಕಿರುವ ದೂರ). ಈ ಸಂಗಮದೂರಕ್ಕೆ ಪ್ಲೇಟಿನ ಮೇಲಿನ 1 ಮಿಲಿಮೀಟರ್ ಆಕಾಶದ 1 ಕಲೆಗೆ, ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗಕ್ಕೆ ಸಮ. ಒಂದು ಪ್ಲೇಟಿನ ಮೂಲೆ ಇನ್ನೊಂದರ ನಡುಮಧ್ಯಕ್ಕೆ ಬರುವಂತೆ ಜೋಡಿಸಿದ್ದರಿಂದ ಪ್ರತಿ ನಕ್ಷತ್ರವೂ ಕನಿಷ್ಠ ಎರಡು ಪ್ಲೇಟಿನಲ್ಲಿ ಬೀಳುತ್ತಿತ್ತು.

ಇನ್ನೊಂದು ಜಾಣ ಏರ್ಪಾಡು ಗೆರೆಜಾಲ. ಬೆಳ್ಳಿ ಲೇಪಿಸಿದ ಗಾಜಿನ ಮೇಲೆ 5 ಮಿಲಿಮೀಟರ್‌ಗೊಂದು ಗೆರೆ ಕೊರೆದು, ಅದರ ಮೂಲಕ ಬೆಳಕು ಹಾಯಿಸಿ ಪ್ಲೇಟಿನ ಮೇಲೆ ಚೌಕಗಳನ್ನು ಮೂಡಿಸುತ್ತಿದ್ದರು. ಅದೇ ಪ್ಲೇಟಿಗೆ ಆಕಾಶದ ಬೆಳಕು ಬಿದ್ದ ಮೇಲೆ ಗೆರೆಯನ್ನೂ ನಕ್ಷತ್ರವನ್ನೂ ಒಟ್ಟಿಗೇ ಡೆವಲಪ್ ಮಾಡುತ್ತಿದ್ದರು. ಪ್ಲೇಟಿನ ಜೆಲಾಟಿನ್ ಪದರ ನೀರಿನಲ್ಲಿ ಉಬ್ಬಿ, ಒಣಗುವಾಗ ಅಲ್ಲಲ್ಲಿ ಸರಿಯುತ್ತದೆ. ನಕ್ಷತ್ರದ ಚುಕ್ಕಿ ಸರಿದರೆ ಪಕ್ಕದ ಗೆರೆಯೂ ಅಷ್ಟೇ ಸರಿದಿರುತ್ತದೆ. ಹತ್ತಿರದ ಗೆರೆಯಿಂದ ಅಳೆದರೆ ಆ ತಪ್ಪು ಬಹುಪಾಲು ಕಳೆದುಹೋಗುತ್ತದೆ.

ನಕ್ಷೆಯ ಬಹಳಷ್ಟು ಪ್ಲೇಟುಗಳಿಗೆ ಅರ್ಧರ್ಧ ಗಂಟೆಯ ಮೂರು ಎಕ್ಸ್‌ಪೋಶರ್, ಪ್ರತಿ ಸಲವೂ ದೂರದರ್ಶಕವನ್ನು ಕೂದಲೆಳೆಯಷ್ಟು ಸರಿಸಿ. ನಕ್ಷತ್ರ ಪುಟ್ಟ ತ್ರಿಕೋನವಾಗಿ ಮೂಡುತ್ತದೆ, ಧೂಳಿನ ಕಲೆ ಒಂಟಿ ಚುಕ್ಕಿಯಾಗಿ ಉಳಿಯುತ್ತದೆ, ಆ ಒಂದೂವರೆ ಗಂಟೆಯಲ್ಲಿ ಚಲಿಸಿದ ಕ್ಷುದ್ರಗ್ರಹದ ತ್ರಿಕೋನ ವಕ್ರವಾಗಿರುತ್ತದೆ. ಆದರೆ ಸಮಯ ಮೂರು ಪಟ್ಟು ಬೇಕು. ನಕ್ಷೆಗಳನ್ನು ಕೆತ್ತಿ ಅಚ್ಚು ಹಾಕಿಸುವ ಖರ್ಚೂ ಸೇರಿ ಹಲವು ವೀಕ್ಷಣಾಲಯಗಳು ಸೋತವು. ನಕ್ಷೆ ಕೊನೆಗೂ ಪೂರ್ಣವಾಗಲಿಲ್ಲ.

ಪಟ್ಟಿ ಮುಗಿಯಿತು, ಆದರೆ 1960ರ ದಶಕ ಬರಬೇಕಾಯಿತು. ದಕ್ಷಿಣ ಅಮೆರಿಕದ ಕೆಲವು ವೀಕ್ಷಣಾಲಯಗಳು ಕೈಚೆಲ್ಲಿದವು. ಚಿಲಿಯ ಸ್ಯಾಂಟಿಯಾಗೊಗೆ ಕೊಟ್ಟಿದ್ದ ವಲಯ, ಅಂದರೆ ಖಗೋಳ ವಿಷುವದ್ವೃತ್ತದಿಂದ (ಭೂಮಿಯ ಸಮಭಾಜಕದ ನೇರಕ್ಕೆ ಆಕಾಶದಲ್ಲಿರುವ ಗೆರೆಯಿಂದ) ದಕ್ಷಿಣಕ್ಕೆ 17ರಿಂದ 23 ಡಿಗ್ರಿ, ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದ ಪಾಲಿಗೆ ಬಂತು. ಜರ್ಮನಿಯ ಪಾಟ್ಸ್‌ಡಾಮ್ ಬಿಟ್ಟ ಉತ್ತರದ ವಲಯದ ಒಂದು ಭಾಗವನ್ನೂ ಅವರೇ ಮುಗಿಸಿದರು. ಎಂಟು ಅಂಗುಲದ ಕುಕ್ ದೂರದರ್ಶಕದಲ್ಲಿ ಏಳೂವರೆ ಲಕ್ಷಕ್ಕೂ ಹೆಚ್ಚು ನಕ್ಷತ್ರಗಳು! ಭಾರತದ ವಿಜ್ಞಾನ ಚರಿತ್ರೆಯಲ್ಲಿ ಈ ಕೆಲಸಕ್ಕೆ ಸಿಕ್ಕಬೇಕಾದ ಜಾಗ ಇನ್ನೂ ಸಿಕ್ಕಿಲ್ಲ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದ ವೇಣು ಬಾಪು ಅವರ ತಂದೆ ಕೆಲಸ ಮಾಡುತ್ತಿದ್ದದ್ದು ಈ ವೀಕ್ಷಣಾಲಯದಲ್ಲೇ.

ಪ್ಯಾರಿಸ್ ಸಭೆ ಸಡಿಲ ಬಿಟ್ಟದ್ದು ಎರಡು. ಕಾಂತಿಮಾನ ಅಳೆಯುವ ರೀತಿ ಅವರವರ ಇಷ್ಟಕ್ಕೆ ಹೋಯಿತು. ಕೆಲವರು ಚುಕ್ಕಿಯ ವ್ಯಾಸ ಅಳೆದರು, ಕೆಲವರು ಕಣ್ಣಂದಾಜಿನಲ್ಲಿ ಹೋಲಿಸಿದರು. ಹೀಗಾಗಿ ಒಂದು ವಲಯದ 10.5 ಪಕ್ಕದ ವಲಯದ 10.5ಕ್ಕೆ ತಾಳೆಯಾಗಲಿಲ್ಲ. ಎರಡನೆಯದು ಪ್ರಕಟಣೆಯ ರೂಪ. ಬಹಳಷ್ಟು ಸಂಪುಟಗಳಲ್ಲಿ ಇದ್ದದ್ದು ಪ್ಲೇಟಿನ ಮೇಲಿನ ಉದ್ದ-ಅಗಲದ ಅಳತೆ ಮಾತ್ರ. ಆಕಾಶದಲ್ಲಿ ಆ ನಕ್ಷತ್ರದ ಸ್ಥಾನ ಬೇಕೆಂದರೆ ಓದುಗನೇ ಪ್ಲೇಟು ಪ್ಲೇಟಿಗೆ ಲೆಕ್ಕ ಹಾಕಬೇಕಿತ್ತು. ಹಾಗಾಗಿ ಸಂಪುಟಗಳನ್ನು ಬಳಸಿದವರು ಕಡಿಮೆ.

ಬಿಗಿಯಾಗಿ ಗೊತ್ತು ಮಾಡಿದ ಭಾಗ ಮಾತ್ರ ನೂರು ವರ್ಷದ ನಂತರ ಕೈಹಿಡಿಯಿತು. ಅಮೆರಿಕದ ನೌಕಾ ವೀಕ್ಷಣಾಲಯ ಆ ಅಳತೆಗಳನ್ನೆಲ್ಲ ಕಂಪ್ಯೂಟರಿನಲ್ಲಿ ಹೊಸದಾಗಿ ಲೆಕ್ಕ ಹಾಕಿ ಸುಮಾರು 46 ಲಕ್ಷ ನಕ್ಷತ್ರಗಳ ಸ್ಥಾನ ಪಡೆಯಿತು. ಅವನ್ನು ಹಿಪ್ಪಾರ್ಕಸ್ ಉಪಗ್ರಹ ಕೊಟ್ಟ ಸ್ಥಾನಗಳ ಜೊತೆ ಹೋಲಿಸಿದಾಗ, ಅಷ್ಟು ವರ್ಷಗಳಲ್ಲಿ ಯಾವ ನಕ್ಷತ್ರ ಎಷ್ಟು ಸರಿದಿದೆ ಎಂಬುದು ತಿಳಿಯಿತು. 2000ದಲ್ಲಿ ಬಂದ ಟೈಕೊ-2 ಪಟ್ಟಿಯ 25 ಲಕ್ಷ ನಕ್ಷತ್ರಗಳ ಚಲನೆಗೆ ಹಳೆಯ ಆಧಾರಗಳಲ್ಲಿ ಮುಖ್ಯವಾದದ್ದು ಇದೇ.

ಈಗ ಚಿಲಿಯ ರೂಬಿನ್ ವೀಕ್ಷಣಾಲಯದಲ್ಲಿ ಚಿತ್ರ ತೆಗೆಯಲು 8.4 ಮೀಟರಿನ ಒಂದೇ ದೂರದರ್ಶಕ ಇದೆ. ವಲಯ ಹಂಚುವ ತಂಟೆ ಇಲ್ಲ. ಆದರೂ ಜಗ್ಗಾಟ ತಪ್ಪಿಲ್ಲ. ಕ್ಷುದ್ರಗ್ರಹ ಹುಡುಕುವವರಿಗೆ ಒಂದೇ ರಾತ್ರಿ ಅರ್ಧ ಗಂಟೆ ಅಂತರದಲ್ಲಿ ಅದೇ ಜಾಗದ ಎರಡು ಚಿತ್ರ ಬೇಕು. ಸೂಪರ್‌ನೋವಾ (ಸಿಡಿಯುವ ನಕ್ಷತ್ರ) ನೋಡುವವರಿಗೆ ಕೆಲವೇ ದಿನಗಳಿಗೊಮ್ಮೆ, ಬೇರೆ ಬೇರೆ ಫಿಲ್ಟರ್‌ಗಳಲ್ಲಿ ಬೇಕು. ಒಬ್ಬರಿಗೆ ಕೊಟ್ಟ ನಿಮಿಷ ಇನ್ನೊಬ್ಬರಿಗೆ ಸಿಗುವುದಿಲ್ಲ. ಈ ಜಗ್ಗಾಟ ಬಗೆಹರಿಯಬೇಕಾದರೆ ಎಲ್ಲರೂ ಸಮ್ಮೇಳನದಲ್ಲಿ ಸೇರಿಯೇ ಒಪ್ಪಬೇಕು. ಅಂಥ ಸಮ್ಮೇಳನದ ಕಾರ್ಯಕ್ರಮ ಪಟ್ಟಿ ಕೈಗೆ ಸಿಕ್ಕರೆ, ಯಾವ ಜಾಗವನ್ನು ಎಷ್ಟು ದಿನಕ್ಕೊಮ್ಮೆ ನೋಡಬೇಕು, ಹೊಳಪಿನ ಅಳತೆಯನ್ನು ಹೇಗೆ ಸರಿದೂಗಿಸಬೇಕು ಎಂಬ ಗೋಷ್ಠಿಗಳನ್ನು ಮೊದಲು ಗುರುತು ಹಾಕಿಕೊಳ್ಳಿ.