ಅರ್ಧ ಸ್ಲ್ಯಾಬ್ ಅಂದರೆ ಒಂದು ಕಪ್ ಅಲ್ಲ

ನಮ್ಮ ಸೆಂಟ್ರಲ್ ಕಿಚನ್‌ನಲ್ಲಿ ರೆಸಿಪಿ ಕೊಡುವವರು ಒಬ್ಬರು, ಒಂದು ಸಲಕ್ಕೆ ಎಷ್ಟೆಷ್ಟು ಸಾಮಾನು ಹಾಕಬೇಕು ಅನ್ನೋ ಬ್ಯಾಚ್ ಶೀಟ್ ಮಾಡುವವರು ಇನ್ನೊಬ್ಬರು. ಶೀಟ್ ಮಾಡುವವರು ಎ.ಸಿ. ರೂಮಿನಲ್ಲಿ ಕೂತಿರುತ್ತಾರೆ. ಓವನ್ ಮುಂದೆ ಬೇಯುವವರು ನಾವು.

ಚಾಕೊಲೇಟ್ ಚಿಪ್ ಕುಕ್ಕಿಯ ರೆಸಿಪಿ ಅಮೆರಿಕದ್ದು. ಒಂದು ಕಪ್ ಬೆಣ್ಣೆಗೆ ಎರಡೂಕಾಲು ಕಪ್ ಮೈದಾ. ಟ್ರಯಲ್‌ನಲ್ಲಿ ಶೆಫ್ ಅಲ್ಲಿನ ಕಪ್ಪಿನಲ್ಲೇ ಅಳೆದು ಮಾಡಿದ್ದರು. ಎಲ್ಲರೂ ತಿಂದು ಓಕೆ ಅಂದೆವು. ಅದನ್ನು 20 ಪಟ್ಟು ಮಾಡಿ ಗ್ರಾಂ ಲೆಕ್ಕಕ್ಕೆ ತಂದಿದ್ದು ಆಫೀಸು. ಮೈದಾಗೆ ಕಪ್ಪಿಗೆ 125 ಗ್ರಾಂ ಹಾಕಿದ್ದರು, ಸರಿಯಾಗೇ ಇತ್ತು. ಬೆಣ್ಣೆಗೆ 250.

ಆ ದಿನ ಒಂದು ಕಂಪನಿಯ ಆರ್ಡರ್, ಹನ್ನೊಂದಕ್ಕೆ ಡಿಸ್ಪ್ಯಾಚ್. ಮೊದಲ ಟ್ರೇ ಹೊರಗೆ ಬಂತು. ಕುಕ್ಕಿಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ತೆಳ್ಳಗೆ ಹರಡಿವೆ, ಅಂಚು ಕಂದಿದೆ. ನಾನು ನೇರವಾಗಿ ಕಮಿ (ಜೂನಿಯರ್ ಕುಕ್) ಹುಡುಗನ ಮೇಲೆ ಹರಿಹಾಯ್ದೆ. "ಡೋ ವಾಕ್‌ಇನ್‌ನಲ್ಲಿ ಇಟ್ಟಿದ್ಯೋ ಇಲ್ವೋ?" ವಾಕ್‌ಇನ್ ಅಂದರೆ ಕಲಸಿದ ಹಿಟ್ಟನ್ನು ತಣ್ಣಗೆ ಮಾಡೋ ಕೋಲ್ಡ್ ರೂಮ್. ಅವನು ಇಟ್ಟಿದ್ದ. ಹಾಗಾದರೆ ಓವನ್ನೇ ಸರಿ ಇಲ್ಲ ಅಂದುಕೊಂಡೆ. ಆ ಡೆಕ್ ಓವನ್ ಬಗ್ಗೆ ನಾನು ಮೊದಲಿಂದಲೂ ಗೊಣಗುತ್ತಿದ್ದೆ, ಹಾಗಾಗಿ ನಂಬೋಕೆ ಕಷ್ಟವಾಗಲಿಲ್ಲ. 190 ಡಿಗ್ರಿಯಿಂದ ಇಳಿಸಿದೆ. ಎರಡನೇ ಟ್ರೇ ಇನ್ನೂ ಹಾಳು. ಶಾಖ ಕಡಿಮೆಯಾದರೆ ಕುಕ್ಕಿ ಗಟ್ಟಿಯಾಗುವ ಮೊದಲೇ ಬೆಣ್ಣೆ ಕರಗಿ ಹರಿಯುತ್ತೆ, ಅದು ನನಗೆ ಗೊತ್ತಿರುವ ವಿಷಯವೇ. ಗಡಿಯಾರ ನೋಡ್ತಾ ಇದ್ದರೆ ಗೊತ್ತಿರೋದೂ ತಲೆಗೆ ಬರಲ್ಲ.

ಹುಡುಗ ಮೆಲ್ಲಗೆ ಬಂದು ಹೇಳಿದ: "ಅಣ್ಣ, ಬಟರ್ ಪೇಪರ್ ನೋಡಿ, ಎಲ್ಲಾ ಜಿಡ್ಡು. ಬೆಣ್ಣೆನೇ ಜಾಸ್ತಿ ಬಿದ್ದಿದೆ ಅನ್ಸುತ್ತೆ."

ಶೀಟ್ ತೆಗೆದು ನೋಡಿದೆ. ಬೆಣ್ಣೆ: 10 ಸ್ಲ್ಯಾಬ್. ನಮಗೆ ಬರೋದು 500 ಗ್ರಾಂ ಸ್ಲ್ಯಾಬ್. ಅರ್ಧ ಸ್ಲ್ಯಾಬಿಗೆ ಒಂದು ಕಪ್ ಅಂತ ಹಿಡಿದರೆ 20 ಕಪ್ಪಿಗೆ ಸರಿಯಾಗಿ 10, ಚೂರೂ ಉಳಿಯಲ್ಲ. ಸ್ಟೋರ್‌ನವರಿಗೆ ಇಂಡೆಂಟ್, ಅಂದರೆ ಬೇಕಾದ ಸಾಮಾನಿನ ಚೀಟಿ, ಹಾಕೋಕೆ ಎಷ್ಟು ಸುಲಭ, ಅಲ್ವಾ!

ಅಮೆರಿಕದಲ್ಲಿ ಬೆಣ್ಣೆ ಬರೋದು ಪೌಂಡ್ ಲೆಕ್ಕದಲ್ಲಿ, 454 ಗ್ರಾಂ. ಒಳಗೆ ನಾಲ್ಕು ಸ್ಟಿಕ್. ಒಂದು ಸ್ಟಿಕ್ 113 ಗ್ರಾಂ ಚಿಲ್ಲರೆ, ಅಂದರೆ ಅರ್ಧ ಕಪ್, ಎಂಟು ಟೇಬಲ್ ಸ್ಪೂನ್. ಹಾಗಾಗಿ ಒಂದು ಕಪ್ ಅಂದರೆ 227. 20ಕ್ಕೆ 4.54 ಕೆ.ಜಿ. ಹಾಕಬೇಕಿತ್ತು, ನಾವು ಹಾಕಿದ್ದು 5. ಒಂದು ಟ್ರಯಲ್ ಬ್ಯಾಚಿನಲ್ಲಿ 23 ಗ್ರಾಂ ಹೆಚ್ಚಾದರೆ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಇಲ್ಲಿ ಅದು 460 ಗ್ರಾಂ.

ಉಳಿದ ಡೋಗೆ ಮೈದಾ ಸೇರಿಸಿ, ಪ್ಲಾನೆಟರಿ ಮಿಕ್ಸರನ್ನು ಸ್ಲೋನಲ್ಲಿ ಸ್ವಲ್ಪವೇ ತಿರುಗಿಸಿ, ಮತ್ತೆ ತಣ್ಣಗೆ ಮಾಡಿ ಬೇಯಿಸಿದೆವು. ಆಕಾರ ಬಂತು. ಸಿಹಿ ಒಂಚೂರು ಕಡಿಮೆ, ಕಚ್ಚಿದರೆ ಗಟ್ಟಿ. ಗಾಡಿ ಲೇಟಾಗಿ ಹೊರಟಿತು. ಲೇಟ್ ಯಾಕೆ ಅಂತ ನನ್ನನ್ನು ಕೇಳಿದರು, ಶೀಟ್ ಮಾಡಿದವರನ್ನು ಕೇಳಲಿಲ್ಲ.

ಮಧ್ಯಾಹ್ನ ನಮ್ಮಲ್ಲಿದ್ದ ಲೋಕಲ್ ಕಪ್ ತಂದು, ಗಾಳಿ ಉಳಿಯದ ಹಾಗೆ ಬೆಣ್ಣೆ ಒತ್ತಿ ತುಂಬಿ ತೂಕಕ್ಕಿಟ್ಟೆ. ಅದು 250 ಮಿ.ಲೀ. ಕಪ್, ಬಂದಿದ್ದು 240 ಗ್ರಾಂ ಹತ್ತಿರ. ಅಂದರೆ 250 ಮಿ.ಲೀ. ಕಪ್ ಅಂತಲೇ ಹಿಡಿದರೂ ಶೀಟ್ ತಪ್ಪು. ಬೆಣ್ಣೆ ನೀರಿಗಿಂತ ಹಗುರ, ಮಿ.ಲೀ. ಅನ್ನೇ ಗ್ರಾಂ ಅಂತ ಬರೆಯೋಕೆ ಆಗಲ್ಲ. ತುಪ್ಪವಂತೂ ಇನ್ನೂ ಹಗುರ, ಅದಕ್ಕೆ ಈ 227 ಕೂಡ ನಡೆಯಲ್ಲ.

ಈಗ ಶೀಟ್‌ನಲ್ಲಿ 227 ಅಂತಿದೆ. ಆದರೆ ಪ್ರತಿ ಸಲ ಈ ಬ್ಯಾಚ್ ಹಾಕಿದಾಗಲೂ ಸ್ಟೋರ್‌ನಿಂದ ಫೋನ್ ಬರುತ್ತೆ: "ಸರ್, ಒಡೆದ ಸ್ಲ್ಯಾಬಿನ 460 ಗ್ರಾಂ ಯಾವ ಕಾಲಂನಲ್ಲಿ ತೋರಿಸಲಿ?" ಸಾಫ್ಟ್‌ವೇರ್‌ನಲ್ಲಿ ಅಂಥ ಕಾಲಂ ಇಲ್ಲವಂತೆ. ಹಾಕಿಸಿ ಅಂತ ಮೇಲ್ ಕಳಿಸಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.